ಗುಡಿಸು ಬಿದ್ದ ಕಲಮು

ಚಳ್ಳಕೆರೆ. ಮೇ ಕೊನೆಯ ಸೋಮವಾರ.
ಎಣ್ಣೆಮಿಲ್ಲಿನ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ
ಸ್ಟಾಫ್ ರೂಮಿನ ಕಿಟಕಿ ದಾಟಿ ಬಂದು
ನಮಗಿಂತ ಮೊದಲೇ ಕೂತಿದೆ.
ಮೇಜಿನ ಮೇಲೆ ಹಿರಿತನದ ಪಟ್ಟಿ,
ಅದು ಹಾರದಂತೆ ಮೇಲೊಂದು ಡಸ್ಟರು.
ಹದಿನಾಲ್ಕು ಜನ, ಹದಿನಾಲ್ಕು ಲೋಟ ಚಹಾ.
ಹೆಡ್ಮಾಸ್ಟರು ಓಬಯ್ಯನವರು ಪೆನ್ನಿನ ಮುಚ್ಚಳ ಕಚ್ಚಿಕೊಂಡೇ
"ಶುರು ಮಾಡೋಣ. ಕಲಮು ನಾಲ್ಕು."

ಕಲಮು ನಾಲ್ಕು ಹೇಳುತ್ತದೆ:
ತರಗತಿಗಳ ಹಂಚಿಕೆ ಸೇವಾ ಹರಿತನಕ್ಕೆ ಅನುಸಾರ.
ಹೌದು, ಹರಿತನ.
ಒಪ್ಪಂದ ಬೆರಳಚ್ಚಾದ ರಾತ್ರಿ
ಹಕಾರದ ಗುಡಿಸು ಎಲ್ಲೋ ಬಿದ್ದುಹೋಯಿತು,
ಮೂರೂ ಪ್ರತಿಗೆ ಸಹಿಯಾದ ಮೇಲೆ ಕಣ್ಣಿಗೆ ಬಿತ್ತು.
ತಿದ್ದಬೇಕೆಂದರೆ ಆಡಳಿತ ಮಂಡಳಿಯ ಎದುರು ಮತ್ತೆ ಕೂರಬೇಕು;
ಕೂತರೆ ಅವರು ಉಳಿದದ್ದನ್ನೂ ತಿದ್ದುತ್ತಾರೆ.
"ಇರ್ಲಿ ಬಿಡಮ್ಮ, ಅರ್ಥ ಆಗುತ್ತಲ್ಲ" ಅಂದರು ನುಂಕಪ್ಪ ಮೇಷ್ಟ್ರು.
ಇಪ್ಪತ್ತೆರಡು ವರ್ಷವಾಯಿತು. ಅರ್ಥ ಆಗುತ್ತಲೇ ಇದೆ.

ನಗಬೇಡಿ ಆ ಕಾಗದಕ್ಕೆ.
ಅದು ಬರುವ ಮುಂಚೆ
ಅಧ್ಯಕ್ಷರ ಷಡ್ಡಕನಿಗೆ ಹತ್ತನೇ ಎ,
ಅಧ್ಯಕ್ಷರ ಕಾರು ಬಂದಾಗ ಎದ್ದು ನಿಲ್ಲದ ಗಿರಿಯಮ್ಮ ಟೀಚರಿಗೆ
ವಾರಕ್ಕೆ ಮೂವತ್ತೇಳು ಪೀರಿಯಡ್ಡು,
ಎಲ್ಲವೂ ಮೇಲಿನ ಮಹಡಿಯಲ್ಲಿ, ಏಳು ತಿಂಗಳ ಬಸುರಿಗೆ.
ಬೇವಿನ ಮರದಡಿ ಜಮಖಾನ ಹಾಸಿ ಹನ್ನೊಂದು ದಿನ ಕೂತೆವು.
ಎಂಟನೇ ದಿನ ನನ್ನ ಮಗಳಿಗೆ ದಡಾರ.
ನಾನು ಮನೆಗೆ ಹೋಗಲಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ.

ಪಟ್ಟಿಯಲ್ಲಿ ಒಂದನೆಯವರು ವಿರೂಪಣ್ಣ.
ಕಣ್ಣೆತ್ತದೆ, "ಹತ್ತು ಎ."
ತಾವೇ ಪಾಸಾಗುವವರನ್ನು ಪಾಸು ಮಾಡಿಸುವ ಕಷ್ಟ ಅವರದು.
ಎರಡನೆಯವಳು ನಾನು.
ಮೂರನೆಯವಳು ನನಗಿಂತ ಹದಿನೇಳು ದಿನ ಚಿಕ್ಕವಳು;
ಆ ಹದಿನೇಳು ದಿನವನ್ನು ಅವಳು ಮರೆತಿಲ್ಲ.
ಹೀಗೆ ಇಳಿಯುತ್ತ ಇಳಿಯುತ್ತ
ಕಡೆಯ ಹೆಸರು ಜಬೀನಾ,
ಕಡೆಗೆ ಉಳಿಯುವುದು ಎಂಟನೇ ಸಿ:
ನಲವತ್ತು ಮಕ್ಕಳ ಬೆಂಚಿನಲ್ಲಿ ಅರವತ್ತೊಂದು ಮಕ್ಕಳು,
ಹಟ್ಟಿಯಿಂದ ಮೊದಲ ಬಸ್ಸಿಗೆ ಬಂದು ಮೊದಲ ಪೀರಿಯಡ್ಡಿಗೆ ನಿದ್ದೆ ಹೋಗುವವರು,
ಒತ್ತಕ್ಷರ ಕಂಡರೆ
ಹಳ್ಳ ಕಂಡ ಎತ್ತಿನಂತೆ ನಿಂತುಬಿಡುವವರು.

ಹೋದ ವರ್ಷ ಕೊಳಾಯಿಯ ಹತ್ತಿರ
ಚಿತ್ತಲಿಂಗ ಅನ್ನುವ ಹುಡುಗ ಕೇಳಿದ್ದ:
"ಮೇಡಂ, ನೀವೆಲ್ಲ ಕ್ಲಾಸು ಆರಿಸ್ಕಂತೀರಂತೆ.
ನಮ್ಮುನ್ನ ಯಾರು ಆರಿಸ್ಕಂಡ್ರು?"
ನೀರು ಕುಡಿ, ಗಂಟೆ ಆಯ್ತು, ಅಂದೆ.

ಈ ಸಲ ಓಬಯ್ಯನವರು ನನ್ನತ್ತ ತಿರುಗಿದಾಗ
"ಎಂಟು ಸಿ" ಅಂದೆ.

ಪೆನ್ನು ನಿಂತಿತು.
ವಿರೂಪಣ್ಣ ಲೋಟ ಕೆಳಗಿಟ್ಟರು:
"ಇವತ್ತು ನೀವು ಪುಣ್ಯಕ್ಕೆ ತಗೋತೀರಿ.
ನಾಳೆ ಮಂಡಳಿ ಎಲ್ಲರ ಹತ್ರಾನೂ ಪುಣ್ಯ ಕೇಳುತ್ತೆ."
ಸುಳ್ಳಲ್ಲ ಅದು. ಹನ್ನೊಂದು ದಿನದ ಆ ನೆಲ
ನನ್ನ ಮಂಡಿಯಲ್ಲಿ ಇನ್ನೂ ಇದೆ.

ಆದರೆ ನಾನು ನೋಡುತ್ತಿದ್ದದ್ದು ಜಬೀನಾಳ ಮಡಿಲು.
ಮೊಳಕಾಲ್ಮೂರು ಸೀರೆಯ ರಟ್ಟಿನ ಡಬ್ಬಿ ಕತ್ತರಿಸಿ
ರಜೆಯುದ್ದಕ್ಕೂ ಒತ್ತಕ್ಷರ ಬರೆದ ಚೀಟಿಗಳು,
ಕಟ್ಟುಕಟ್ಟಾಗಿ, ರಬ್ಬರ್ ಬ್ಯಾಂಡ್ ಹಾಕಿ.
"ಮೂರು ವರ್ಷ ಉಳಿಕೆ ಅಂತ ಕೊಟ್ರಿ, ಮೇಡಂ.
ಈಗ ಅದು ನಂದು.
ಕಿತ್ಕೊಳ್ಳೋ ಹಕ್ಕು ನಿಮಗಿದೆ, ಇಟ್ಕೊಳ್ಳೋ ಹಕ್ಕು ನನಗಿಲ್ಲ.
ಅಷ್ಟೇ ಅಲ್ವಾ ಕಲಮು?"

ಹರಿತನ, ಅಂದುಕೊಂಡೆ.

"ಹತ್ತು ಬಿ. ಬರ್ಕೊಳ್ಳಿ."
ಒಂದು ನಿಮಿಷ ಹತ್ತು ಬಿ ತನ್ನದಾಯಿತೆಂದು
ಹಿಗ್ಗಿದ್ದ ಮೂರನೆಯವಳು ಬಿಸ್ಕತ್ತು ಮುರಿದಳು.

ಸಂಜೆ ಮೆಟ್ಟಿಲಿಳಿಯುವಾಗ
ಎಂಟು ಸಿಯ ಬಾಗಿಲಿಂದ ಧೂಳು ಹೊರಬರುತ್ತಿತ್ತು,
ಎರಡು ತಿಂಗಳದು.
ಒಳಗೆ ಜಬೀನಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬಳೇ.
ಬಾಗಿಲ ಸಂದಿಯಲ್ಲಿ ಇನ್ನೊಂದು ಪೊರಕೆ ಇತ್ತು.
ತಗೊಳ್ಳಲಾ ಎಂದು ಕೇಳಿದೆ.
ಅವಳು ತಿರುಗಿ ನೋಡಲಿಲ್ಲ.
"ಆ ಮೂಲೆಯಿಂದ ಗುಡಿಸಿ, ಮೇಡಂ."